ಅಬ್ಬಾ ಅವರ ಇಂಗ್ಲಿಷ್

ನಮ್ಮ ಅಬ್ಬಾ ಹೊಸಪೇಟೆಯಲ್ಲಿ ಆಟೊ ಓಡಿಸುತ್ತಾರೆ. ಕಳೆದ ರಜೆಯಲ್ಲಿ ಒಂದು ದಿನ ನಾನೂ ಜೊತೆಗೆ ಹಂಪಿಗೆ ಹೋಗಿದ್ದೆ. ಮಾತಂಗ ಬೆಟ್ಟ ಇಳಿದು ಬಂದ ವಿದೇಶಿ ಮಹಿಳೆಯೊಬ್ಬರು ‘ಐ ಕ್ಲೈಂಬ್ಡ್ ಡೌನ್’ ಎಂದರು. ಕ್ಲೈಂಬ್ ಎಂದರೆ ಹತ್ತುವುದಲ್ಲವೇ, ಹತ್ತಿಕೊಂಡು ಇಳಿಯುವುದು ಹೇಗೆ ಎಂದು ನನಗೆ ನಗು ಬಂತು. ಅಬ್ಬಾ ಮಾತ್ರ ‘ಡೌನ್, ಓಕೆ. ನೌ ಗೋ ಅಕ್ರಾಸ್?’ ಎಂದು ಹೊಳೆಯ ಕಡೆ ಕೈ ತೋರಿಸಿದರು. ಆಕೆ ಖುಷಿಯಿಂದ ತಲೆಯಾಡಿಸಿದರು. ಅಬ್ಬಾ ಅವರ ಹರಕು ಇಂಗ್ಲಿಷ್ ಕೇಳಿ ನನಗೆ ನಾಚಿಕೆಯಾಗಿತ್ತು.

ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಅವರನ್ನು ಕೇಳಿದೆ. ‘ಕ್ಲೈಂಬ್ ಡೌನ್’ ಸರಿಯೇ ಅಂತೆ. ಕೈಕಾಲು ಊರಿ ಕಷ್ಟಪಟ್ಟು ಇಳಿಯುವುದು. ಕನ್ನಡದಲ್ಲಿ ಹತ್ತು, ಇಳಿ, ದಾಟು. ನಮ್ಮ ಮನೆಯ ಉರ್ದುವಿನಲ್ಲಿ ಚಢ್‌ನಾ, ಉತರ್‌ನಾ. ಎರಡರಲ್ಲೂ ದಾರಿ ಕ್ರಿಯಾಪದದೊಳಗೇ ಇದೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಅಪ್, ಡೌನ್, ಅಕ್ರಾಸ್ ಎಂಬ ಪುಟ್ಟ ಪದಗಳೇ ದಾರಿ ಹೇಳುತ್ತವೆ. ಅವರ ‘ರನ್ ಅಕ್ರಾಸ್’ ನಮಗೆ ‘ಓಡಿ ದಾಟು’.

ಏಳನೇ ತರಗತಿಗೆ ಶಾಲೆ ಬಿಟ್ಟ ಅಬ್ಬಾ ಆ ಪುಟ್ಟ ಪದಗಳನ್ನೇ ಹಿಡಿದುಕೊಂಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ‘ಸವಾರಿ ಎಲ್ಲಿಗೆ ಹೋಗಬೇಕು ಅಂತ ಗೊತ್ತಾದರೆ ಸಾಕಲ್ಲ ಬೇಟಾ’ ಎಂದು ನಕ್ಕರು. ಅಂದು ನಾಚಿಕೆಪಟ್ಟಿದ್ದನ್ನು ಮಾತ್ರ ಅವರಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆದಿದ್ದೇನೆ.