ಮೂಲೆಯ ಹೆಸರು

ತಿಪಟೂರಿನ ಕೊಬ್ಬರಿ ಮಂಡಿಗಳ ಬಾಗಿಲ ಮೇಲೆ ಒಂದು ಕಾಲಕ್ಕೆ ನಮ್ಮಪ್ಪನ ಕೈಬರಹ ಎದ್ದು ಕಾಣುತ್ತಿತ್ತು. ತಗಡಿನ ಬೋರ್ಡು, ಹಳದಿ ನೆಲ, ಕೆಂಪು ಅಕ್ಷರ, ಅಕ್ಷರದ ಬೆನ್ನಿಗೆ ಕಪ್ಪು ನೆರಳು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡು ತುದಿಯನ್ನೂ ಬಿಗಿಯಾಗಿ ಎಳೆದು ಹಿಡಿದು ನಡುವೆ ಮೀಟಿದರೆ ತಗಡಿನ ಮೇಲೆ ನೆಟ್ಟಗೆ ಒಂದು ಗೆರೆ ಬೀಳುತ್ತದೆ. ಆ ದಾರದ ಒಂದು ತುದಿ ಹಿಡಿಯುವುದು ಶಾಲೆಯ ರಜೆಯಲ್ಲಿ ನನ್ನ ಕೆಲಸ. ಅಪ್ಪ ಎಡಗೈಯಲ್ಲಿ ಕೋಲೊಂದನ್ನು ಹಿಡಿದು, ಅದರ ಮೇಲೆ ಬಲಗೈ ಊರಿ, ಉಸಿರು ಕಟ್ಟಿ ಅಕ್ಷರದ ಹೊಟ್ಟೆಯನ್ನು ತಿರುಗಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಬಲಗಡೆಯ ಕೆಳಮೂಲೆಯಲ್ಲಿ, ತೀರಾ ಸಣ್ಣ ಬ್ರಷ್ಷಿನಲ್ಲಿ ತಮ್ಮ ಹೆಸರು, ಪಕ್ಕದಲ್ಲಿ ‘ಆರ್ಟ್ಸ್’. ಆ ಮೂಲೆಗೆಂದು ಯಾರೂ ಕಾಸು ಕೊಡುತ್ತಿರಲಿಲ್ಲ. ಅದನ್ನು ಬರೆಯದೆ ಅಪ್ಪ ಏಣಿ ಇಳಿದದ್ದನ್ನು ಮಾತ್ರ ನಾನು ನೋಡಿಲ್ಲ.

ಫ್ಲೆಕ್ಸ್ ಬಂದ ಮೇಲೆ ಬೋರ್ಡುಗಳು ಒಂದೊಂದಾಗಿ ಇಳಿದವು. ಫ್ಲೆಕ್ಸಿನ ಮೂಲೆಯಲ್ಲೂ ಹೆಸರಿರುತ್ತದೆ. ಅದು ಪ್ರಿಂಟ್ ಹಾಕಿದ ಅಂಗಡಿಯದು, ಜೊತೆಗೆ ಫೋನ್ ನಂಬರು. ಅಪ್ಪ ಈಗ ಲಾರಿಗಳ ಮೇಲೆ, ಶಾಲೆಯ ಗೋಡೆಗಳ ಮೇಲೆ ಬರೆಯುತ್ತಾರೆ. ನಾನು ಮೈಸೂರಿನಲ್ಲಿ ದೃಶ್ಯಕಲೆಯ ಪದವಿ ಬಿ.ವಿ.ಎ.ಯ ಕೊನೆಯ ವರ್ಷದಲ್ಲಿದ್ದೇನೆ.

ಈ ವರ್ಷದ ನನ್ನ ಪ್ರಾಜೆಕ್ಟ್ ಒಂದು ನಿಮಿಷದ ಅನಿಮೇಷನ್. ಒಂದು ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ನಿಮಿಷಕ್ಕೆ 720. ಕಥೆ ಬಹಳ ಸಣ್ಣದು. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿಗಳನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಇಟ್ಟಿರುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಅಜ್ಜಿ ಒಂದು ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಒಳಗೆ ಲೊಟಲೊಟ ಅಂದರೆ ಆಯಿತು. ಕಾಯಿಯನ್ನು ಮಡಿಲಿಗೆ ಹಾಕಿಕೊಂಡು ಏಳುತ್ತಾಳೆ. ಇಷ್ಟೇ.

ಆದರೆ ಆ ಏಳುವುದಿದೆಯಲ್ಲ, ಅದು ನನ್ನ ಮೂರು ವಾರ ತಿಂದಿತು. ಮೊದಲ ಸಲ ಬರೆದಾಗ ಅಜ್ಜಿ ಹಗ್ಗ ಕಟ್ಟಿ ಮೇಲೆಳೆದ ಹಾಗೆ ಎದ್ದಳು. ಊರಿಗೆ ಹೋಗಿ ಎರಡು ದಿನ ಅವಳನ್ನೇ ನೋಡುತ್ತ ಕುಳಿತೆ. ಏಳುವ ಮೊದಲು ಅವಳು ಕೆಳಕ್ಕೆ ಬಗ್ಗುತ್ತಾಳೆ. ಬಲಗೈಯನ್ನು ಮಂಡಿಗೆ ಊರುತ್ತಾಳೆ, ತಲೆ ಮುಂದಕ್ಕೆ ಬರುತ್ತದೆ, ಎಡಗಾಲ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಸೊಂಟ ಮೇಲೇಳುತ್ತದೆ. ಡಿಸ್ನಿ ಸ್ಟುಡಿಯೋದ ಹಿರಿಯರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಅನಿಮೇಷನ್ನಿನ ಹನ್ನೆರಡು ಸೂತ್ರಗಳನ್ನು ವಿವರಿಸಿದ್ದಾರೆ. ಚಲನೆಗೆ ಮುಂಚಿನ ಈ ಹಿಂಜಗ್ಗು ಅವುಗಳಲ್ಲೊಂದು. ತರಗತಿಯಲ್ಲಿ ಅದನ್ನು ಬರೆದುಕೊಂಡಿದ್ದೆ. ಅರ್ಥವಾದದ್ದು ಅಜ್ಜಿಯ ಹೆಬ್ಬೆರಳು ನೋಡಿದ ಮೇಲೆ.

ಮುಖ್ಯ ಭಂಗಿಗಳನ್ನು ಬರೆದುಕೊಂಡು ನಡುವಿನವನ್ನು ತುಂಬುತ್ತ ಹೋಗಬೇಕು. ಹಿಂದಿನ ಚಿತ್ರ ಮಂಕಾಗಿ ಅಡಿಯಲ್ಲಿ ಕಾಣುತ್ತಿರುತ್ತದೆ. ಅದಕ್ಕಿಂತ ಒಂದು ಕೂದಲೆಳೆ ಸರಿಸಿ ಮುಂದಿನದು. ಹೀಗೆ ಬರೆದ ಒಂದೊಂದು ಚಿತ್ರಕ್ಕೂ ಆಯುಸ್ಸು ಸೆಕೆಂಡಿನ ಹನ್ನೆರಡನೇ ಒಂದು ಪಾಲು. ಅದನ್ನು ಚಿತ್ರವೆಂದು ಯಾರೂ ನೋಡುವುದಿಲ್ಲ, ಅಜ್ಜಿ ಎದ್ದಳು ಎಂದಷ್ಟೇ ನೋಡುತ್ತಾರೆ. ಅದೇ ಅದರ ಸಾರ್ಥಕತೆ ಎಂದು ನಾನು ನಂಬಿದ್ದೇನೆ.

ಪೆನ್ ಟ್ಯಾಬ್ಲೆಟ್ಟಿನ ಕಂತು, ಹಾಸ್ಟೆಲ್ಲಿನ ಮೆಸ್ಸು ನಡೆಯುವುದು ಕಮಿಷನ್ ಕೆಲಸದಿಂದ. ಎರಡನೇ ವರ್ಷದಿಂದ ಮಾಡುತ್ತಿದ್ದೇನೆ: ಮದುವೆ ಕಾರ್ಡಿಗೆ ಹುಡುಗ ಹುಡುಗಿಯ ಚಿತ್ರ, ಬೇಕರಿಗೆ ಲೋಗೋ, ಅಂಗನವಾಡಿಯ ಗೋಡೆಗೆ ಪ್ರಾಣಿಗಳು, ಮಕ್ಕಳ ಪುಸ್ತಕಕ್ಕೆ ಚಿತ್ರ. ಮೊದಮೊದಲು ಇದು ಹೊಟ್ಟೆಪಾಡಿನದು, ಪ್ರಾಜೆಕ್ಟ್ ಮಾತ್ರ ನನ್ನದು ಎಂದು ಎರಡನ್ನೂ ಬೇರೆ ಇಟ್ಟಿದ್ದೆ. ಆ ಗೆರೆಯನ್ನು ಅಳಿಸಿದವರು ಒಬ್ಬ ಹಿರಿಯರು. ತೀರಿಹೋದ ಹೆಂಡತಿಯ ಚಿತ್ರ ಬೇಕು ಎಂದು ಬಂದರು. ಇದ್ದದ್ದು ಗುಂಪಿನ ಫೋಟೋದಲ್ಲಿ ಹೆಬ್ಬೆರಳ ಉಗುರಿನಷ್ಟು ಮುಖ. ಫೋಟೋ ನೋಡಿ ಬರೆದೆ, ಮುಖ ಹೋಲುತ್ತಿತ್ತು. ಅವರು ಬಹಳ ಹೊತ್ತು ನೋಡಿ, ‘ಇವಳೇ ಕಣಮ್ಮ. ಆದ್ರೆ ಇವಳು ಯಾರ ಮಾತೇ ಕೇಳ್ಲಿ, ತಲೆ ಒಂಚೂರು ವಾಲಿಸ್ಕೊಂಡು ಕೇಳೋಳು’ ಅಂದರು. ಹೊಸ ಹಾಳೆ ತೆಗೆದುಕೊಂಡು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದೆ. ಅಷ್ಟಕ್ಕೇ ಅವರು ಕನ್ನಡಕ ತೆಗೆದರು. ಅಜ್ಜಿಯ ಹೆಬ್ಬೆರಳು ಕಲಿಸಿದ ಪಾಠವನ್ನೇ ಈ ತಲೆಯ ವಾಲು ಇನ್ನೊಂದು ಸಲ ಕಲಿಸಿತು. ಇನ್ನೊಬ್ಬರ ಕಣ್ಣಿಂದ ನೋಡುವುದನ್ನು ನನಗೆ ತಿಳಿಸಿಕೊಟ್ಟದ್ದು ದುಡ್ಡು ಕೊಟ್ಟು ಬರೆಸಿದವರೇ.

ಹೋದ ವರ್ಷ ಒಂದು ಕಡೆಯವರು ಕ್ಯಾಲೆಂಡರಿಗೆ ಹನ್ನೆರಡು ಮರಗಳ ಚಿತ್ರ ಬರೆಸಿದರು. ಹೊಂಗೆ, ಮುತ್ತುಗ, ಹಿಪ್ಪೆ, ಒಂದೊಂದು ತಿಂಗಳಿಗೆ ಆಗ ಹೂ ಬಿಡುವ ಇಲ್ಲವೇ ಚಿಗುರುವ ಮರ. ಎರಡು ತಿಂಗಳ ಕೆಲಸ. ಒಪ್ಪಿದ ಹಣವನ್ನು ಪೂರ್ತಿ ಕೊಟ್ಟರು. ಕ್ಯಾಲೆಂಡರು ಕೈಗೆ ಬಂದಾಗ ನೋಡಿದರೆ ಹನ್ನೆರಡು ಹಾಳೆಯಲ್ಲೂ ಕೆಳಮೂಲೆಯನ್ನು ಕತ್ತರಿಸಿದ್ದರು, ನನ್ನ ಹೆಸರಿದ್ದಷ್ಟು ಜಾಗ. ಕೇಳಿದೆ. ‘ದುಡ್ಡು ಕೊಟ್ಟಿದೀವಲ್ಲಮ್ಮ’ ಅಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಹೆಸರು ಬೇಕೆನ್ನುವುದು ಅಹಂಕಾರವೇ ಎಂದು ಬಹಳ ದಿನ ಯೋಚಿಸಿದೆ. ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ಮಾಡಿದ 1926ರ ನೆರಳಿನ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ನನಗೆ ನೆನಪಾದದ್ದು ನಮ್ಮ ತೊಗಲುಗೊಂಬೆ. ಕೀಲು ಕೂಡಿಸಿದ ಕೈಕಾಲು, ಹಿಂದೆ ದೀಪ, ಮುಂದೆ ಪರದೆ. ತಲೆಮಾರಿನಿಂದ ತಲೆಮಾರಿಗೆ ಬಂದ ಆ ಗೊಂಬೆಗಳ ಮೇಲೆ ಬರೆದವರ ಹೆಸರನ್ನು ಹುಡುಕುವವರಿಲ್ಲ. ಆದರೆ ಆಟದ ರಾತ್ರಿ ಆಡಿಸುವವರು ಪರದೆಯ ಹಿಂದೆಯೇ ಇರುತ್ತಾರೆ. ಬೆಳಗಾದರೆ ಊರಿಗೆ ಊರೇ ಅವರನ್ನು ಹೆಸರು ಹಿಡಿದು ಕರೆಯುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಹಾಗೆ ಗೊಂಬೆಯಾಡಿಸುತ್ತಲೇ ಬದುಕಿದವರು. 2025ರಲ್ಲಿ ತೊಂಬತ್ತು ದಾಟಿದ ಅವರಿಗೆ ಪದ್ಮಶ್ರೀ ಬಂತು. ನನ್ನ ಚಿತ್ರದ ಪಾಡು ಬೇರೆ. ಅದು ನನ್ನನ್ನು ಬಿಟ್ಟು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ, ನಾನು ಎಂದೂ ಕಾಣದ ಮನೆಯ ಗೋಡೆಗೆ ಹೋಗುತ್ತದೆ. ಜೊತೆಗೆ ನಾನು ಹೋಗಲಾರೆ. ಹೆಸರಾದರೂ ಹೋಗಬೇಕು.

ಮೈಸೂರಿನಿಂದ ಊರಿಗೆ ಹೋಗುವಾಗ ಚನ್ನರಾಯಪಟ್ಟಣ ದಾಟಿದ ಮೇಲೆ ನುಗ್ಗೇಹಳ್ಳಿ. ಒಮ್ಮೆ ಇಳಿದೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1246ರದು, ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಆದರೆ ಗೋಡೆಯ ಶಿಲ್ಪಗಳ ಅಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂದು ಕೆತ್ತಿದವರ ಹೆಸರುಗಳಿವೆ. ಅದೇ ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದಲ್ಲೂ ಮತ್ತೆ ಮತ್ತೆ ಸಿಗುತ್ತದೆ. ಅಲ್ಲಿ ಕಟ್ಟಿಸಿದವನು ಸೋಮನಾಥ ದಂಡನಾಯಕ. ಮಲ್ಲಿತಮ್ಮ ಕೆಲಸ ಇದ್ದಲ್ಲಿಗೆ ಹೋಗಿ, ದಂಡನಾಯಕರು ಹೇಳಿದ ದೇವರನ್ನು, ಹೇಳಿದ ಅಳತೆಯಲ್ಲಿ ಕಡೆದು, ಕೊಟ್ಟ ಕೂಲಿ ಪಡೆದವನು. ದೇವರು ಎಲ್ಲರದು, ಗುಡಿ ದಂಡನಾಯಕನದು, ಗೆರೆ ತನ್ನದು ಎಂಬ ಲೆಕ್ಕ ಅವನಿಗೆ ಸ್ಪಷ್ಟವಿತ್ತು. ಬಿಸಿಲಲ್ಲಿ ನಿಂತು ಆ ಅಕ್ಷರಗಳನ್ನು ಕೂಡಿಸಿ ಓದುವಾಗ ಕೊಬ್ಬರಿ ಮಂಡಿಯ ಬೋರ್ಡಿನ ಕೆಳಮೂಲೆ ಕಣ್ಣಿಗೆ ಬಂತು.

ಈಗಿನ ಕಾನೂನೂ ಹೆಚ್ಚುಕಡಿಮೆ ಇದೇ ಲೆಕ್ಕ ಹೇಳುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಅಥವಾ ಭಾವಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮೊದಲು ಬರೆಸಿದವರಿಗೇ ಸೇರುತ್ತದೆ. ಆದರೆ 57ನೇ ಕಲಮು ಇನ್ನೊಂದನ್ನು ಕಾಪಾಡುತ್ತದೆ: ಹಕ್ಕನ್ನು ಮಾರಿದ ಮೇಲೂ ‘ಇದನ್ನು ಬರೆದವಳು ನಾನು’ ಎನ್ನುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ. ಇದು ತಿಳಿದಂದಿನಿಂದ ನಾನು ಯಾವ ಕೆಲಸಕ್ಕೂ ಒಂದು ಪುಟದ ಕರಾರು ಬರೆಯುತ್ತೇನೆ. ಅರ್ಧ ಹಣ ಮುಂಗಡ, ತಿದ್ದುವುದು ಎರಡು ಸಲ, ಚಿತ್ರವನ್ನು ಎಲ್ಲೆಲ್ಲಿ ಬಳಸಬಹುದು, ಕೊನೆಗೆ ಚಿತ್ರದ ಜೊತೆ ಹೆಸರು ಇರಬೇಕು. ಹೆಚ್ಚಿನವರು ಓದಿ ಒಪ್ಪುತ್ತಾರೆ. ಜೊತೆಯ ಹುಡುಗ ಹುಡುಗಿಯರಿಗೂ ಆ ಪುಟವನ್ನು ಕಳಿಸಿದ್ದೇನೆ.

ನನ್ನ ಅನಿಮೇಷನ್ ಮುಗಿಯುತ್ತ ಬಂದಾಗ ಶೀರ್ಷಿಕೆ ಬೇಕಾಯಿತು. ‘ಗಿಟುಕು’, ಮೂರಕ್ಷರ. ಕಂಪ್ಯೂಟರಿನ ಫಾಂಟುಗಳನ್ನು ಜಾಲಾಡಿದೆ, ಯಾವುದೂ ಅಜ್ಜಿಯ ಅಟ್ಟಕ್ಕೆ ಹೊಂದಲಿಲ್ಲ. ಅಪ್ಪನಿಗೆ ಅರ್ಧ ಹಣ ಕಳಿಸಿ ಫೋನ್ ಮಾಡಿದೆ.

‘ಏನವ್ವ ಇದು, ಅಪ್ಪಂಗೆ ದುಡ್ಡು ಕಳಿಸ್ತೀಯಾ?’

‘ಕಮಿಷನ್ ಕೆಲಸ ಅಪ್ಪ. ಮಿಕ್ಕಿದ್ದು ಕೆಲಸ ಮುಗಿದ ಮೇಲೆ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಂಡಿಯವರ ಹತ್ತಿರ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು: ‘ಅಳತೆ ಎಷ್ಟು? ನೆಲ ಯಾವ ಬಣ್ಣ?’

ಕಾಗದದ ಮೇಲೆ ಕೈ ಓಡುವುದಿಲ್ಲ, ತಗಡೇ ಆಗಲಿ ಅಂದರು. ಶನಿವಾರ ಊರಿಗೆ ಹೋದೆ. ದಾರದ ತುದಿ ನಾನು ಹಿಡಿದೆ, ಅಪ್ಪ ಮೀಟಿದರು. ಹಳದಿ ನೆಲ, ಕೆಂಪು ಅಕ್ಷರ, ಕಪ್ಪು ನೆರಳು. ಮೂರಕ್ಷರ ಮುಗಿಸಿ ಬ್ರಷ್ಷನ್ನು ಟರ್ಪೆಂಟೈನಿಗೆ ಅದ್ದಲು ಹೋದರು. ಮೂಲೆ ಖಾಲಿ ಇತ್ತು.

‘ಹೆಸರು ಬರೀಲಿಲ್ವಲ್ಲ ಅಪ್ಪ?’

‘ನಿನ್ನ ಸಿನಿಮಾ ಕಣ್ ಮಗಾ. ನನ್ನ ಹೆಸರು ಯಾಕೆ?’

ಕರಾರಿನ ಪುಟ ತೆಗೆದು ಕೊನೆಯ ಸಾಲು ತೋರಿಸಿದೆ. ಅಪ್ಪ ಅದನ್ನು ದೂರ ಹಿಡಿದು ಓದಿ, ಡಬ್ಬದಲ್ಲಿ ಕೈಯಾಡಿಸಿ ಸಣ್ಣ ಬ್ರಷ್ಷನ್ನು ಹುಡುಕಿ ತೆಗೆದರು.

ಚಿತ್ರದ ಮೊದಲಿಗೆ ಆ ಬೋರ್ಡು ನಾಲ್ಕು ಸೆಕೆಂಡು ಇರುತ್ತದೆ. ಆಮೇಲೆ ಬರುವ 720 ಚಿತ್ರಗಳೂ ಕಣ್ಣಿಗೆ ಸಿಕ್ಕ ಹಾಗೆಯೇ ಜಾರಿಹೋಗುತ್ತವೆ. ಅದೊಂದು ಮಾತ್ರ 96 ಫ್ರೇಮು ಕದಲದೆ ನಿಲ್ಲುತ್ತದೆ, ಮೂಲೆಯಲ್ಲಿ ಅಪ್ಪನ ಹೆಸರು ಹೊತ್ತು.