ಹುಳಿಗೆ ಆಗದ ನೆಲ

ಬರ್ಮಿಂಗ್‌ಹ್ಯಾಮ್ ಪಕ್ಕದ ಟಿವಿಡೇಲ್ ಬಾಲಾಜಿ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತಾಗ ನಮ್ಮವರ ಮಾತು ದೇವರಿಂದ ಬಹುಬೇಗ ಮನೆ ರಿಪೇರಿಗೆ ಇಳಿಯುತ್ತದೆ. "ಒಲೆ ಮುಂದೆ ಮಾರ್ಬಲ್ ಮಂಕಾಗಿದೆ ಕಣ್ರೀ, ಸಂದೆಲ್ಲ ಅರಿಶಿನ. ಕಲ್ಲೇ ಕಳಪೆ!" ಅಂದರು ಡಾಕ್ಟರೊಬ್ಬರು.

"ಸಾರಿಗೆ ಹುಣಸೆಹಣ್ಣು ಹಾಕ್ತೀರಾ ಡಾಕ್ಟ್ರೇ?"

"ಹಾಕದೆ?"

ರೋಗ ಅಲ್ಲೇ ಇತ್ತು. ಮಾರ್ಬಲ್ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ಹುಣಸೆ, ನಿಂಬೆ, ಟೊಮೇಟೊ ಯಾವುದು ಬಿದ್ದರೂ ಹೊಳಪನ್ನು ತಿಂದುಹಾಕುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಮೇಲೆ ಸಾರು ಚೆಲ್ಲಿ ಬೆಳೆದವರಿಗೆ ಇದು ಹೊಳೆಯುವುದಿಲ್ಲ. ಸಾಲದ್ದಕ್ಕೆ ಡಾಕ್ಟರ ಮನೆಯಲ್ಲಿ ನೆಲಕ್ಕೆ ವಾರವಾರ ವಿನೆಗರ್ ಸೇವೆ. ಕೆಟಲಿನಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರಿನ ಲಂಡನ್ನಿನ ನೆಂಟರು ಕೊಟ್ಟ ಸಲಹೆಯಂತೆ! ಆದರೆ ಬರ್ಮಿಂಗ್‌ಹ್ಯಾಮ್‌ಗೆ 1904ರಿಂದ ವೇಲ್ಸಿನ ಎಲಾನ್ ಕಣಿವೆಯ ಮೆದು ನೀರು, 73 ಮೈಲಿ ಇಳಿಜಾರಿನಲ್ಲೇ ಹರಿದು ಬರುತ್ತದೆ. ಮ್ಯಾಂಚೆಸ್ಟರಿಗೂ 1894ರಿಂದ ಥರ್ಲ್‌ಮಿಯರ್ ಕೆರೆಯ ಅಂಥದೇ ನೀರು. ಇಲ್ಲದ ಸುಣ್ಣ ತೆಗೆಯಲು ಹೋಗಿ ಇದ್ದ ಕಲ್ಲು ಕರಗಿಸಿದ್ದಾಯಿತು.

ಇನ್ನು ಕಲ್ಲುಗಳ ಸಂದು ತುಂಬುವ ಗ್ರೌಟು. ಸಿಮೆಂಟಿನದು, ಮೈತುಂಬ ಸಣ್ಣ ರಂಧ್ರ, ಅರಿಶಿನ ಹೀರದೆ ಬಿಟ್ಟೀತೇ? ಹಳೆಯದರ ಮೇಲೇ ಹೊಸದು ಬಳಿದು ಹೋಗುವ ಟೈಲ್ಸ್ ಕೆಲಸದವರನ್ನು ನಂಬಬೇಡಿ, ಅದು ಹಕ್ಕಳೆಯಾಗಿ ಏಳುತ್ತದೆ. ಸಂದಿನ ಮೂರರಲ್ಲಿ ಎರಡು ಪಾಲು ಆಳಕ್ಕಾದರೂ ಕೆರೆದು, ಧೂಳು ಹೀರಿಸಿ, ಮರಳಿಲ್ಲದ ಗ್ರೌಟು ತುಂಬಬೇಕು. ಮರಳಿದ್ದರೆ ಪಾಲಿಶಿಗೆ ಗೀರು ಬೀಳುತ್ತದೆ. ಅದು ಒಣಗಿದ ಮೇಲೆ ಮಂಕು ಜಾಗವನ್ನು ವಜ್ರದ ಪುಡಿ ಕೂರಿಸಿದ ಪ್ಯಾಡಿನಿಂದ ನೀರು ಹಾಕಿ ಉಜ್ಜುವುದು: 400ರಿಂದ ಶುರು, 800, 1500, ಕೊನೆಗೆ 3000. ನಡುವೆ ಒಂದು ನಂಬರು ಹಾರಿಸಿದರೆ ಹಿಂದಿನ ಗೀರು ಬೆಳಕಿಗೆ ಎದ್ದು ಕಾಣುತ್ತದೆ. ಈ ಕೆಲಸಕ್ಕೆ ಅವಸರ ಕೂಡದು. ಮ್ಯಾಂಚೆಸ್ಟರ್ ಟೌನ್‌ಹಾಲನ್ನೇ ನೋಡಿ: 1877ರ ಕಟ್ಟಡ, ಮೊಸಾಯಿಕ್ ನೆಲದಲ್ಲಿ ಜೇನುಹುಳುಗಳು; 2018ರಲ್ಲಿ ಬಾಗಿಲು ಮುಚ್ಚಿ ವರ್ಷಗಟ್ಟಲೆ ದುರಸ್ತಿಗೆ ಕೂತಿತು. ಡಾಕ್ಟರಿಗೆ ಮಾತ್ರ ದೀಪಾವಳಿಯೊಳಗೆ ಮುಗಿಯಬೇಕಂತೆ.

"ಸೀಲರ್ ಹಾಕಿಸಿದರೆ ನಿಶ್ಚಿಂತೆ ತಾನೆ?" ಅಂದರು. ಇಲ್ಲ. ಸೀಲರ್ ಕಲೆಯನ್ನು ಸ್ವಲ್ಪ ಹೊತ್ತು ತಡೆದೀತು, ಹುಳಿಯನ್ನಲ್ಲ. ಚೆಲ್ಲಿದ ಕೂಡಲೇ ಒರೆಸಬೇಕು. ನೆಲ ತೊಳೆಯಲು ಹುಳಿಯಿಲ್ಲದ, ಕಲ್ಲಿಗೆಂದೇ ಮಾಡಿದ ಸೋಪು ಸಾಕು. ಮಾರ್ಬಲ್ ಬೇಕೇ ಬೇಕೆಂದರೆ ಹಜಾರಕ್ಕೆ ಹಾಕಿಸಿ. ಸಾರು ಕುದಿಯುವ ಮನೆಯ ಅಡುಗೆಕೋಣೆಗೆ ಪೋರ್ಸಲಿನ್ನೇ ವಾಸಿ.