ಕಿತ್ತಳೆ ಬೆಳೆಯದ ಆರೆಂಜ್‌ನಿಂದ ಬಂದ ಎರಡು ಕೈಗಳ ಬೌಲರ್

ಆಸ್ಟ್ರೇಲಿಯಾದ ಸಿಡ್ನಿ ಮಹಾನಗರವನ್ನು ಬೆನ್ನ ಹಿಂದೆ ಬಿಟ್ಟು ಪಶ್ಚಿಮದ ಹೆದ್ದಾರಿ ಹಿಡಿದರೆ ಮೊದಲು ಎದುರಾಗುವುದು ಬ್ಲೂ ಮೌಂಟನ್ಸ್ ಬೆಟ್ಟಸಾಲು. ನೀಲಗಿರಿ ಮರಗಳ ಕಾಡಿನ ಮೇಲೆ ಸದಾ ತೇಲುವ ನೀಲಿ ಮಬ್ಬಿನಿಂದಲೇ ಆ ಬೆಟ್ಟಗಳಿಗೆ ಆ ಹೆಸರು. ಅದನ್ನು ಹತ್ತಿಳಿದು, ಕಾರು ಪಂದ್ಯಕ್ಕೆ ಹೆಸರಾದ ಬಾಥರ್ಸ್ಟ್ ಊರನ್ನೂ ದಾಟಿ, ಒಟ್ಟು ಸುಮಾರು 250 ಕಿಲೋಮೀಟರ್ ಸಾಗಿದರೆ ಸಿಗುವುದೇ ಆರೆಂಜ್.

ಹೆಸರು ಕೇಳಿ ಕೊಡಗಿನ ಕಿತ್ತಳೆ ತೋಟಗಳನ್ನು ನೆನೆಸಿಕೊಂಡು ಹೋದವರಿಗೆ ಅಲ್ಲಿ ನಿರಾಸೆ ಕಾದಿದೆ. ಅಲ್ಲಿನ ಚಳಿಗೆ ಕಿತ್ತಳೆ ಒಗ್ಗುವುದಿಲ್ಲ! ಸೇಬು, ಚೆರಿ, ದ್ರಾಕ್ಷಿ ಮಾತ್ರ ಧಾರಾಳ. ಊರಿನ ಪಕ್ಕದಲ್ಲೇ ಕನೋಬೊಲಾಸ್ ಎಂಬ, ಎಂದೋ ಆರಿಹೋದ ಜ್ವಾಲಾಮುಖಿ ಪರ್ವತವಿದೆ. 1,395 ಮೀಟರ್ ಎತ್ತರದ ಅದರ ನೆತ್ತಿಯ ಮೇಲೆ ಚಳಿಗಾಲದಲ್ಲಿ ಹಿಮ ಬೀಳುವುದುಂಟು. ಅದು ಉಗುಳಿದ ಲಾವಾದಿಂದಾದ ಮಣ್ಣೇ ಈ ತೋಟಗಳ ಬಂಡವಾಳ. ಹಾಗಾದರೆ ಊರಿಗೆ ಈ ಹೆಸರೇಕೆ? ಯುರೋಪಿನ ಯುದ್ಧದ ದಿನಗಳಲ್ಲಿ ತನಗೆ ಪರಿಚಯವಾಗಿದ್ದ ಡಚ್ ರಾಜಕುಮಾರ, ‘ಪ್ರಿನ್ಸ್ ಆಫ್ ಆರೆಂಜ್’ನ ಗೌರವಾರ್ಥವಾಗಿ ಸರ್ವೇಯರ್ ಥಾಮಸ್ ಮಿಚೆಲ್ ಇಟ್ಟ ಹೆಸರದು. 1851ರಲ್ಲಿ ಹತ್ತಿರದ ಓಫಿರ್‌ನಲ್ಲಿ ಚಿನ್ನ ಸಿಕ್ಕಿದಾಗ ಜನ ಇತ್ತ ನುಗ್ಗಿದರು. ‘ವಾಲ್ಟ್ಸಿಂಗ್ ಮಟಿಲ್ಡಾ’ ಬರೆದ ಕವಿ ಬ್ಯಾಂಜೊ ಪ್ಯಾಟರ್ಸನ್ 1864ರಲ್ಲಿ ಹುಟ್ಟಿದ್ದು ಈ ಊರಿನ ಅಂಚಿನಲ್ಲೇ. ಆ ದೇಶದ ಹತ್ತು ಡಾಲರ್ ನೋಟಿನ ಮೇಲೆ ಆತನ ಮುಖವಿದೆ.

ಸುಮಾರು 40 ಸಾವಿರ ಜನರ ಈ ಊರನ್ನು ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಕ್ರೀಡಾಪ್ರೇಮಿಗಳಿಗೂ ಪರಿಚಯಿಸಿದವನು ಕವಿಯಲ್ಲ, ಚಿನ್ನ ಅಗೆದವನೂ ಅಲ್ಲ. ಟೆನ್‌ಪಿನ್ ಬೌಲಿಂಗ್ ಆಟಗಾರ ಜೇಸನ್ ಬೆಲ್ಮಾಂಟೆ. 

ಜೇಸನ್ ಹುಟ್ಟಿದ್ದು 1983ರ ಜುಲೈ 29ರಂದು. (ಭೂಮಧ್ಯರೇಖೆಯ ಆ ಕಡೆ ಜುಲೈ ಎಂದರೆ ಕೊರೆಯುವ ಚಳಿಗಾಲ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.) ಅವನು ಇನ್ನೂ ಕೂಸಾಗಿದ್ದಾಗಲೇ ತಂದೆ ತಾಯಿ ಊರಿನಲ್ಲೊಂದು ಬೌಲಿಂಗ್ ಕೇಂದ್ರ ನಡೆಸತೊಡಗಿದ್ದರು. ಅಂಗಡಿ ಮಾಲೀಕರ ಮಗು ಅಂಗಡಿಯಲ್ಲೇ ಬೆಳೆಯುವಂತೆ ಈ ಮಗು ಬೆಳೆದದ್ದು ಉರುಳುವ ಚೆಂಡು, ಬೀಳುವ ಪಿನ್ನುಗಳ ಸದ್ದಿನ ನಡುವೆ. ಒಂದೂವರೆ ವರ್ಷಕ್ಕೆಲ್ಲ ಚೆಂಡಿನ ಬಳಿ ಹೋಗಿ ನಿಂತ. ಆದರೆ ಅಲ್ಲಿದ್ದ ಅತಿ ಹಗುರ ಚೆಂಡೂ ಅಷ್ಟು ಎಳೆಯ ಮಗುವಿನ ಒಂದು ಕೈಗೆ ಎತ್ತಲಾರದಷ್ಟು ಭಾರ. ಮಗು ಏನು ಮಾಡೀತು? ಕೊಡಪಾನ ನೂಕುವಂತೆ ಎರಡೂ ಕೈಯಲ್ಲಿ ಹಿಡಿದು ತಳ್ಳಿತು.

ಇದರಲ್ಲಿ ವಿಶೇಷವೇನೂ ಇಲ್ಲ. ಎಲ್ಲ ಮಕ್ಕಳೂ ಹಾಗೆಯೇ ಮಾಡುತ್ತವೆ. ದೊಡ್ಡವರಾದ ಮೇಲೆ ‘ಸರಿಯಾಗಿ’, ಅಂದರೆ ಒಂದೇ ಕೈಯಿಂದ ಆಡಲು ಕಲಿಯುತ್ತಾರೆ ಅಥವಾ ಕಲಿಸಲ್ಪಡುತ್ತಾರೆ. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಬೆರಳಿಗೆ ಅಡಿಕೋಲಿನ ಪೆಟ್ಟು ಕೊಟ್ಟು ಬಲಗೈ ರೂಢಿ ಮಾಡಿಸುತ್ತಿದ್ದ ಕಾಲ ನಮ್ಮಲ್ಲೂ ಇತ್ತಲ್ಲ! ಜೇಸನ್‌ಗೂ ಬುದ್ಧಿ ಹೇಳಿದವರು ಅನೇಕ. ಹುಡುಗ ಬದಲಾಗಲಿಲ್ಲ. ಅಂಗಣದ ಯಜಮಾನರೇ ಆದ ಹೆತ್ತವರು ಬದಲಾಗಲೇಬೇಕೆಂದು ಹಟ ಹಿಡಿಯಲೂ ಇಲ್ಲ.

ಈ ‘ತಪ್ಪು’ ಅಭ್ಯಾಸದ ಗುಟ್ಟು ತಿಳಿಯಬೇಕಾದರೆ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಂಗಳೂರಿನ ಮಾಲ್‌ಗಳಲ್ಲಿ ಹುಟ್ಟುಹಬ್ಬದ ದಿನ ಮಕ್ಕಳು ಆಡುವ ಬೌಲಿಂಗ್ ನೋಡಿದವರಿಗೆ ಇದು ಬರಿಯ ಮೋಜು ಎನಿಸಬಹುದು. ಚೆಂಡು ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ದಾರಿಯ ಅಗಲ ಮೂರೂವರೆ ಅಡಿಗೂ ಒಂದು ಚೂರು ಕಡಿಮೆ. ಚೆಂಡಿನ ತೂಕ ಗರಿಷ್ಠ 16 ಪೌಂಡು, ಅಂದರೆ ಏಳೂಕಾಲು ಕಿಲೋ. ತ್ರಿಕೋನಾಕಾರದಲ್ಲಿ ನಿಲ್ಲಿಸಿದ ಹತ್ತು ಪಿನ್ನುಗಳನ್ನು ಒಂದೇ ಏಟಿಗೆ ಕೆಡವಿದರೆ ಅದು ಸ್ಟ್ರೈಕ್. ಒಂದು ಆಟದಲ್ಲಿ ಸತತ ಹನ್ನೆರಡು ಸ್ಟ್ರೈಕ್ ಬಂದರೆ 300 ಅಂಕ, ಅದಕ್ಕಿಂತ ಹೆಚ್ಚಿಲ್ಲ.

ಅಚ್ಚರಿಯೆಂದರೆ ಪರಿಪೂರ್ಣ ಸ್ಟ್ರೈಕ್‌ನಲ್ಲಿ ಚೆಂಡು ತಾನಾಗಿ ಮುಟ್ಟುವುದು ನಾಲ್ಕೇ ಪಿನ್ನುಗಳನ್ನು. ಉಳಿದ ಆರನ್ನು ಪಿನ್ನುಗಳೇ ಪರಸ್ಪರ ಬಡಿದು ಬೀಳಿಸುತ್ತವೆ, ಕೇರಂ ಹಲಗೆಯ ಕಾಯಿಗಳಂತೆ. ಹಾಗಾಗಬೇಕಾದರೆ ಚೆಂಡು ನೇರವಾಗಿ ಬಂದರೆ ಸಾಲದು. ಕೊನೆಯ ಗಳಿಗೆಯಲ್ಲಿ ಓರೆಯಾಗಿ ತಿರುಗಿ ಮೊದಲನೆಯ ಮತ್ತು ಪಕ್ಕದ ಪಿನ್ನಿನ ಸಂದಿಗೆ ನುಗ್ಗಬೇಕು. ದಾರಿಯ ಮುಂಭಾಗಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಎಣ್ಣೆ ಸವರಿರುತ್ತಾರೆ. ಎಣ್ಣೆಯ ಮೇಲೆ ಜಾರುವ ಚೆಂಡು ಒಣ ಹಲಗೆ ಸಿಕ್ಕೊಡನೆ ಹಿಡಿತ ಪಡೆದು ತಿರುಗುತ್ತದೆ. ನಮ್ಮ ಸ್ಪಿನ್ ಬೌಲರ್‌ಗಳ ಚೆಂಡು ಪಿಚ್ ಕಚ್ಚಿದ ಹಾಗೆ ಎನ್ನೋಣ. ಎಷ್ಟು ತಿರುಗುತ್ತದೆ ಎನ್ನುವುದು ಕೈ ಎಷ್ಟು ಸುತ್ತು ಕೊಟ್ಟಿದೆ ಎಂಬುದನ್ನು ಅವಲಂಬಿಸಿದೆ.

ಇಲ್ಲಿಯೇ ಆರೆಂಜ್‌ನ ಹುಡುಗನ ಅಭ್ಯಾಸ ಫಲ ಕೊಟ್ಟದ್ದು. ಒಂದೇ ಕೈಯಿಂದ ಆಡುವವರು ಹೆಬ್ಬೆರಳು ಮತ್ತು ಎರಡು ಬೆರಳುಗಳನ್ನು ಚೆಂಡಿನ ರಂಧ್ರಗಳಿಗೆ ತೂರಿಸಿ ಹಿಡಿಯುತ್ತಾರೆ. ಬೆಲ್ಮಾಂಟೆ ಹೆಬ್ಬೆರಳು ಹಾಕುವುದೇ ಇಲ್ಲ. ಎಡಗೈ ಆಸರೆಯಾಗಿದ್ದು ಕೊನೆಯ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ, ಬಲಗೈಯ ಬೆರಳುಗಳು ಬುಗುರಿಯಂತೆ ಚೆಂಡನ್ನು ತಿರುವುತ್ತವೆ. ನಿಜವಾಗಿ ಇದನ್ನು ‘ಎರಡು ಕೈ ಎಸೆತ’ ಎನ್ನುವುದೂ ಪೂರ್ತಿ ಸರಿಯಲ್ಲ. ಆದರೆ ಆ ಸುತ್ತಿನ ವೇಗ ನಿಮಿಷಕ್ಕೆ ಸುಮಾರು 600! ಒಂದೇ ಕೈಯವರಲ್ಲಿ ಅದನ್ನು ಮುಟ್ಟುವವರು ವಿರಳ.

ಆಟದ ಹಳಬರಿಗೆ ಇದು ರುಚಿಸಲಿಲ್ಲ. ಮೋಸವೆಂದರು, ಮಕ್ಕಳಾಟವೆಂದರು. ಎಷ್ಟು ಕೈ ಎಂದು ಆಟದ ನಿಯಮ ಎಲ್ಲೂ ಹೇಳಿರಲಿಲ್ಲ ಎಂಬುದೊಂದೇ ಹುಡುಗನ ಪಾಲಿನ ರಕ್ಷಣೆ.

ವೃತ್ತಿಪರ ಬೌಲಿಂಗ್‌ನ ತವರು ಅಮೆರಿಕ. ಅಲ್ಲಿ 1958ರಲ್ಲಿ ಹುಟ್ಟಿದ ಪಿಬಿಎ ಎಂಬ ಸಂಘದ ಪಂದ್ಯಾವಳಿಗಳೇ ಈ ಆಟದ ರಣಜಿ, ಟೆಸ್ಟ್ ಎಲ್ಲ. ಇಪ್ಪತ್ತೈದರ ಹರೆಯದಲ್ಲಿ ಅಲ್ಲಿಗೆ ಬಂದ ಬೆಲ್ಮಾಂಟೆ 2008-09ರ ಸಾಲಿನ ಶ್ರೇಷ್ಠ ಹೊಸ ಆಟಗಾರನೆನಿಸಿದ. 2009ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಮೊದಲ ಪ್ರಶಸ್ತಿ. 2013, 2014, 2015ರಲ್ಲಿ ಸಾಲಾಗಿ ಮೂರು ಬಾರಿ ಮಾಸ್ಟರ್ಸ್ ಗೆದ್ದ. ಅದುವರೆಗೆ ಯಾರೂ ಮಾಡದಿದ್ದ ಸಾಧನೆಯದು. ಟೆನಿಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಇದ್ದಂತೆ ಇಲ್ಲಿ ‘ಮೇಜರ್’ ಪ್ರಶಸ್ತಿಗಳು. ಅರ್ಲ್ ಆಂಟನಿ ಮತ್ತು ಪೀಟ್ ವೆಬರ್ ತಲಾ ಹತ್ತು ಮೇಜರ್ ಗೆದ್ದು ದಾಖಲೆ ಹಂಚಿಕೊಂಡಿದ್ದರು. 2019ರ ಮಾರ್ಚ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದು ಬೆಲ್ಮಾಂಟೆ ಹನ್ನೊಂದಕ್ಕೇರಿದ. ಬಹುಕಾಲ ಕೈಗೆ ಸಿಗದಿದ್ದ ಯು.ಎಸ್. ಓಪನ್ 2020ರಲ್ಲಿ ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಒಲಿಯಿತು. ಐದೂ ಬಗೆಯ ಮೇಜರ್‌ಗಳನ್ನು ಗೆದ್ದವರು ಅದಕ್ಕೆ ಮುನ್ನ ಮೈಕ್ ಆಲ್ಬಿ ಒಬ್ಬರೇ. 2023ರ ಹೊತ್ತಿಗೆ ಅವನ ಮೇಜರ್‌ಗಳ ಸಂಖ್ಯೆ 15. ವರ್ಷದ ಆಟಗಾರ ಗೌರವ 2022ರವರೆಗೆ ಏಳು ಸಲ.

ಇಷ್ಟೆಲ್ಲ ಓದಿ ‘ನಮ್ಮ ಮಗನನ್ನೂ ಬೌಲಿಂಗ್‌ಗೆ ಸೇರಿಸೋಣವೇ’ ಎಂದು ಯೋಚಿಸುವ ಅಪ್ಪ ಅಮ್ಮಂದಿರು ಇನ್ನೊಂದು ಮುಖವನ್ನೂ ನೋಡಬೇಕು. ಇಲ್ಲಿ ತಿಂಗಳ ಸಂಬಳವಿಲ್ಲ. ಪಂದ್ಯಕ್ಕೆ ಪ್ರವೇಶ ಶುಲ್ಕ, ಓಡಾಟ, ಹೋಟೆಲು ಖರ್ಚೆಂದು ಮೊದಲು ಜೇಬಿನಿಂದಲೇ ಹೋಗುತ್ತದೆ. ಗೆದ್ದರೆ ಬಹುಮಾನ, ಸೋತರೆ ಬರಿಗೈ. ಹೆಸರು ಬಂದವರಿಗಷ್ಟೇ ಪ್ರಾಯೋಜಕರು. ಒಲಿಂಪಿಕ್ಸ್‌ನಲ್ಲಿ 1988ರ ಸೋಲ್ ಕೂಟದಲ್ಲಿ ಪ್ರದರ್ಶನಕ್ಕೆಂದು ಒಮ್ಮೆ ಮುಖ ತೋರಿಸಿದ ಈ ಆಟಕ್ಕೆ ಅಲ್ಲಿ ಪದಕದ ಭಾಗ್ಯ ಸಿಕ್ಕಿಲ್ಲ. ಮಿಷಿಗನ್‌ನ ಟಾಮ್ ಸ್ಮಾಲ್‌ವುಡ್ ಕಾರು ಕಾರ್ಖಾನೆಯ ಕೆಲಸ ಹೋದ ಮೇಲೆ ಈ ಕಡೆ ಹೊರಳಿ 2009ರಲ್ಲಿ ವಿಶ್ವ ಚಾಂಪಿಯನ್ ಆದದ್ದು ನಿಜ, ಆದರೆ ಅಂಥ ಕತೆಗಳು ಎಷ್ಟು ಮಂದಿಯವು?

ಬೆಲ್ಮಾಂಟೆ ತೆತ್ತ ಬೆಲೆ ಮತ್ತೊಂದು ಬಗೆಯದು. ಹೆಸರು, ಹಣ ಬಂದ ಮೇಲೂ ಅವನು ಅಮೆರಿಕಕ್ಕೆ ಮನೆ ಬದಲಿಸಲಿಲ್ಲ. ಹೆಂಡತಿ, ಮಕ್ಕಳು, ಸಂಸಾರ ಎಲ್ಲ ಆರೆಂಜ್‌ನಲ್ಲೇ. ಒಂದೊಂದು ಪ್ರವಾಸಕ್ಕೂ ಬೆಟ್ಟ ಇಳಿದು ಸಿಡ್ನಿಗೆ ಬರಬೇಕು. ಅಲ್ಲಿಂದ ಪೆಸಿಫಿಕ್ ಸಾಗರದ ಮೇಲೆ ಹದಿಮೂರು ಹದಿನಾಲ್ಕು ಗಂಟೆಗಳ ಹಾರಾಟ, ಆಮೇಲೆ ಒಹಾಯೊ, ಮಿಷಿಗನ್ ಎಂದು ಮತ್ತೊಂದು ವಿಮಾನ. ಒಮ್ಮೆ ಹೋದರೆ ವಾರಗಟ್ಟಲೆ ಮಕ್ಕಳ ಮುಖ ನೋಡುವಂತಿಲ್ಲ. ಎದುರಾಳಿಗಳು ಪಂದ್ಯಗಳ ನಡುವೆ ಮನೆಗೆ ಹೋಗಿ ಬಂದರೆ ಇವನಿಗೆ ಹೋಟೆಲು ಕೋಣೆಯೇ ಗತಿ.

‘ಮೋಸ’ ಎಂದವರ ಮಾತು ಈಗ ಅಷ್ಟಾಗಿ ಕೇಳಿಸುವುದಿಲ್ಲ. 2016ರಲ್ಲಿ 19 ವರ್ಷದ ಆಂಟನಿ ಸೈಮನ್ಸನ್ ಮಾಸ್ಟರ್ಸ್ ಗೆದ್ದು, ಮೇಜರ್ ಗೆದ್ದವರಲ್ಲೇ ಅತಿ ಕಿರಿಯನೆನಿಸಿದ. ಅದೇ ವರ್ಷ ಇನ್ನೂ 21 ತುಂಬದ ಸ್ವೀಡನ್ನಿನ ಯೆಸ್ಪರ್ ಸ್ವೆನ್ಸನ್ ‘ಟೂರ್ನಮೆಂಟ್ ಆಫ್ ಚಾಂಪಿಯನ್ಸ್’ ಗೆದ್ದ. ಇಬ್ಬರೂ ಎರಡು ಕೈಯವರೇ. ಇಂದಿನ ಬೌಲಿಂಗ್ ಕೇಂದ್ರಗಳಲ್ಲಿ ಪುಟ್ಟ ಮಕ್ಕಳಿಗೆಂದೇ ಆರು ಪೌಂಡಿನ ಹಗುರ ಚೆಂಡುಗಳಿರುತ್ತವೆ. ಉರುಳಿಸಲು ಜಾರುಬಂಡಿಯಂಥ ಚೌಕಟ್ಟುಗಳೂ ಇರುತ್ತವೆ. ಒಂದು ಕೈಯಲ್ಲಿ ಸಲೀಸಾಗಿ ಎತ್ತಬಲ್ಲ ವಯಸ್ಸಿನ ಹುಡುಗ ಹುಡುಗಿಯರು ಈಗ ಬೇಕೆಂದೇ ಹೆಬ್ಬೆರಳನ್ನು ಹೊರಗಿಟ್ಟು, ಎರಡನೆಯ ಕೈಯ ಆಸರೆ ಕೊಟ್ಟು ಚೆಂಡನ್ನು ತಿರುಗಿಸಿ ಎಸೆಯುತ್ತಾರೆ. ಅದನ್ನು ಹೇಳಿಕೊಡುವ ತರಬೇತುದಾರರೂ ಇದ್ದಾರೆ.